ಬಾಜಾ ಇಲ್ಲದ ನಗು

ಅಥವಾ ನಾನು ಅಲ್ಲಿ ಕೂತೇ ಇರಲಿಲ್ಲವೇನೋ. ಆ ಬೆಳಗಿನ ಚಿತ್ರ ನನ್ನ ತಲೆಯಲ್ಲಿ ಎಷ್ಟು ಸ್ವಚ್ಛವಾಗಿದೆ ಅಂದರೆ, ಅದೇ ಕಾರಣಕ್ಕೆ ನಾನು ಅದನ್ನು ನಂಬುವುದಿಲ್ಲ. ನನ್ನ ಉಳಿದ ನೆನಪುಗಳೆಲ್ಲ ಅಂಚು ಹರಿದವು, ಮಸುಕಾದವು; ಇದೊಂದು ಮಾತ್ರ ಒರೆಸಿಟ್ಟ ಕನ್ನಡಿಯ ಹಾಗಿದೆ. ಆಳಂದದ ನಮ್ಮ ಮನೆಯ ಪಡಸಾಲೆ. ಬೆಳಕಿಂಡಿಯಿಂದ ಇಳಿದ ಬಿಸಿಲು. ಅದರ ಅಂಚಿಗೆ ಹಸಿರು ರೇಷ್ಮೆ ಸೀರೆ ಉಟ್ಟು ಕೂತ ನನ್ನ ಅಕ್ಕ ನೀಲಮ್ಮ, ಅವಳ ಮದುವೆಯ ದಿನ. ಅವಳು ತುಸು ಎಡಕ್ಕೆ, ತುಸು ಕೆಳಕ್ಕೆ ನೋಡುತ್ತಾಳೆ. ಮೊದಲು ತುಟಿ ಬಿಗಿಹಿಡಿಯುತ್ತಾಳೆ, ಆಮೇಲೆ ತಡೆಯಲಾರದೆ ನಗುತ್ತಾಳೆ. ಮೂಗುತಿ ಒಮ್ಮೆ ಮಿನುಗುತ್ತದೆ. ಅಷ್ಟೇ. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ನನ್ನ ಹತ್ತಿರ ಇಲ್ಲ. ಒಂದು ನೆನಪು ಹೀಗೆ ಎರಡೂ ಕಡೆ ಕತ್ತರಿಸಿಕೊಂಡು ಬಂದರೆ, ಕತ್ತರಿಸಿದವರು ಯಾರು ಎಂದು ಕೇಳಬೇಕಾಗುತ್ತದೆ.

ಕೇಳುವುದೇ ನನ್ನ ಕಸುಬು. ನಾನು ಈಗ ಹುಡುಗರಿಗೆ ಸಿನೆಮಾ ನೋಡುವುದನ್ನು ಹೇಳಿಕೊಡುತ್ತೇನೆ. ಒಂದು ದೃಶ್ಯ ತೋರಿಸಿ, ನಿಲ್ಲಿಸಿ, ಕೇಳುತ್ತೇನೆ: ಈ ಬೆಳಕು ಎಲ್ಲಿಂದ ಬಂತು? ಕ್ಯಾಮೆರಾ ಇವಳಿಗಿಂತ ಮೇಲಿದೆಯೋ ಕೆಳಗಿದೆಯೋ? ಕಿವಿಗೆ ಬೀಳುತ್ತಿರುವ ಸದ್ದು ಈ ಜಾಗದ್ದೇ ಎಂದು ಯಾರು ಹೇಳಿದರು? ಇದನ್ನೆಲ್ಲ ನಾನು ಯಾವುದೋ ದೊಡ್ಡ ಊರಿನ ಕಾಲೇಜಿನಲ್ಲಿ ಕಲಿತೆ ಅಂತ ಅವರ ತಿಳುವಳಿಕೆ. ಕಲಿತದ್ದು ಆಳಂದದಲ್ಲಿ, ಬಾಗಿಲು ಹಾಕಿದ ಪಡಸಾಲೆಯಲ್ಲಿ, ಅಕ್ಕನ ಸಂಸಾರ ಉಳಿಯುತ್ತದೋ ಇಲ್ಲವೋ ಎಂದು ಅವ್ವ ಸೆರಗಿನಲ್ಲಿ ಮುಖ ಒತ್ತಿಕೊಂಡು ಕೂತಿದ್ದ ಮಧ್ಯಾಹ್ನಗಳಲ್ಲಿ.

ನಮ್ಮ ಮನೆಯಲ್ಲಿ ಸಂಶಯಪಡುವುದು ಅಡುಗೆಯಷ್ಟೇ ದಿನದ ಕೆಲಸವಾಗಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಹಾಲಿನಲ್ಲಿ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದಳು, ನಿಂತರೂ ನಂಬುತ್ತಿರಲಿಲ್ಲ. ಅಪ್ಪ ತೊಗರಿ ವ್ಯಾಪಾರದವನು. ಒಂದೇ ಪ್ರಶ್ನೆಯನ್ನು ಊಟಕ್ಕೆ ಮುಂಚೆ ಒಂದು ರೀತಿ, ಊಟವಾದ ಮೇಲೆ ಇನ್ನೊಂದು ರೀತಿ ಕೇಳಿ, ಎರಡೂ ಉತ್ತರ ಹೊಂದುತ್ತವೋ ಎಂದು ತೂಗುತ್ತಿದ್ದ. ಅವ್ವ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಆದರೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಪಡಸಾಲೆಯ ಮಾತಿಗೆ ಕಿವಿ ಕೊಡುತ್ತಿದ್ದಳು. ರೊಟ್ಟಿಯ ಸದ್ದು ನಿಂತಿತೆಂದರೆ ಪಡಸಾಲೆಯಲ್ಲಿದ್ದವರ ದನಿ ತಾನಾಗಿ ಇಳಿಯುತ್ತಿತ್ತು. ಮನೆಯೂ ಅದಕ್ಕೆ ತಕ್ಕಂತೆಯೇ ಇತ್ತು: ಫರ್ಸಿ ಕಲ್ಲು ಹಾಸಿದ ಉದ್ದನೆಯ ಪಡಸಾಲೆ, ಅದಕ್ಕೊಂದು ಕಿಟಕಿ ಇಲ್ಲ, ಮಣ್ಣಿನ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿ ಒಂದೇ. ಅಲ್ಲಿಂದ ಬಿದ್ದ ಬಿಸಿಲಿನ ತುಂಡು ಬೆಳಿಗ್ಗೆ ದೇವರ ಮನೆಯ ಗೋಡೆ ಹಿಡಿದು ಇಳಿದು, ಮಧ್ಯಾಹ್ನ ನೆಲಕ್ಕೆ ಬಂದು, ಇಳಿಹೊತ್ತಿಗೆ ಅಡುಗೆಮನೆಯ ಬಾಗಿಲ ಬಳಿ ಕರಗುತ್ತಿತ್ತು. ಆಯಿ ಗೋಡೆಯ ಗಡಿಯಾರವನ್ನು ನಂಬದೆ ಅದನ್ನು ನಂಬುತ್ತಿದ್ದಳು. ಅವಳಿಗೆ ರೊಟ್ಟಿ ಬಿಸಿಯಾಗಿಯೇ ಬೇಕು, ಅದೂ ಅವ್ವನ ಕೈಯದೇ ಆಗಬೇಕು. ಬೇರೆಯವರು ಬಡಿದ ರೊಟ್ಟಿಯಲ್ಲಿ ಏನಾದರೂ ಬೆರೆಸಿದ್ದಾರೆಂಬ ಗುಮಾನಿ. ಅಕ್ಕನ ಮದುವೆಯ ದಿನವೂ, ಹೊರಗೆ ಊರಿಗೆಲ್ಲ ಅಡುಗೆ ಬೇಯುತ್ತಿದ್ದಾಗ, ಮದುಮಗಳ ತಾಯಿ ಒಳಗೆ ಒಲೆಯ ಮುಂದೆ ಕೂತು ಅತ್ತೆಗೆ ರೊಟ್ಟಿ ಬಡಿಯುತ್ತಿದ್ದಳು. ಆಗ ಅದು ಅಪ್ಪ ಅವ್ವರ ಜಗಳದ ವಿಷಯ. ಆಮೇಲೆ ಅದೇ ನಮ್ಮನ್ನು ಉಳಿಸಿತು. ಉಳಿಸಿತು ಅನ್ನುವ ಮಾತು ಸರಿಯಾಗಿದ್ದರೆ.

ಅವ್ವನಿಗೆ ಒಬ್ಬ ತಮ್ಮ, ಬಸು ಮಾಮಾ. ಸರಸಂಬಾದಲ್ಲಿ ಹೊಲ ಮಾಡಿಕೊಂಡಿದ್ದ, ಎತ್ತರದ ಆಳು, ಇನ್ನೂ ಮದುವೆಯಾಗಿರಲಿಲ್ಲ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನದು ಮೊದಲ ಹಕ್ಕು. ಕೊಡಲಿ ಬಿಡಲಿ, ಅವನನ್ನು ಒಂದು ಮಾತು ಕೇಳಬೇಕು. ಅಪ್ಪ ಕೇಳಿದನಂತೆ, ಆದರೆ ಇಲ್ಲ ಎನ್ನುವ ಉತ್ತರವೇ ಬರುವ ಹಾಗೆ ಕೇಳಿದನಂತೆ. ನೀಲಕ್ಕನನ್ನು ಜೇವರ್ಗಿಯ ವ್ಯಾಪಾರದ ಮನೆತನಕ್ಕೆ ಕೊಟ್ಟರು, ಹುಡುಗನ ಹೆಸರು ಶರಣಪ್ಪ. ಹೀಗೆ ಹೊರಗೆ ಕೊಟ್ಟಾಗ ಸೋದರಮಾವನ ಮರ್ಯಾದೆಯಲ್ಲಿ ಕಡಿಮೆ ಮಾಡುವಂತಿಲ್ಲ. ಅವನು ಆಹೇರಿ, ಅಂದರೆ ಉಡುಗೊರೆಯ ಬಟ್ಟೆಬರೆ ತೆಗೆದುಕೊಂಡು ಬಂದು ಓಣಿಯ ತುದಿಯಲ್ಲಿ ನಿಲ್ಲುತ್ತಾನೆ. ಮನೆಯವರು ಬಾಜಾ ಬಜಂತ್ರಿಯ ಸಮೇತ ಹೋಗಿ, ಆರತಿ ಮಾಡಿ, ಕರೆದುಕೊಂಡು ಬರಬೇಕು. ಹಂದರದಲ್ಲಿ ಅವನ ತಲೆಗೆ ರುಮಾಲು ಸುತ್ತಿ ಕೊರಳಿಗೆ ಹಾರ ಹಾಕಬೇಕು. ಬಾಜಾ ಇಲ್ಲದೆ ಸೋದರಮಾವ ಆ ದಿನ ಹೊಸ್ತಿಲು ದಾಟುವುದಿಲ್ಲ. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡ ಬಸು ಮಾಮಾ ಅಂತೂ ಖಂಡಿತ ದಾಟುತ್ತಿರಲಿಲ್ಲ.

ಮದುವೆಯ ವಿಡಿಯೋ ತೆಗೆದವನು ಅಫಜಲಪುರದ ಮಹಬೂಬ. ಆಗಷ್ಟೇ ನಮ್ಮ ಕಡೆ ಮದುವೆಗಳಿಗೆ ವಿಡಿಯೋ ಕಾಲಿಟ್ಟಿತ್ತು. ಅವನು ತೆಗೆದದ್ದನ್ನು ಸೋಲಾಪುರಕ್ಕೆ ಒಯ್ದು, ಅಲ್ಲಿ ಒಬ್ಬನ ಕೈಲಿ ಮಿಕ್ಸಿಂಗ್ ಮಾಡಿಸಿ, ಅಂದರೆ ಬೇಡದ್ದನ್ನು ಕಿತ್ತು, ಬೇಕಾದ್ದನ್ನು ಜೋಡಿಸಿ, ಮೇಲೆ ಹಾಡು ಹಾಕಿಸಿ, ಎರಡು ಕ್ಯಾಸೆಟ್ ಮಾಡಿಸಿ ತಂದ. ಒಂದು ನಮಗೆ, ಒಂದು ಜೇವರ್ಗಿಯ ಬೀಗರಿಗೆ. ನಾವು ವಿ.ಸಿ.ಆರ್. ಬಾಡಿಗೆಗೆ ತಂದು, ಇಡೀ ಓಣಿಯನ್ನು ಕೂಡಿಸಿಕೊಂಡು ಒಮ್ಮೆ ನೋಡಿದೆವು. ಯಾರಿಗೂ ಏನೂ ಕಾಣಲಿಲ್ಲ. ಎಲ್ಲರೂ ಹುಡುಕುತ್ತಿದ್ದದ್ದು ತಮ್ಮ ತಮ್ಮ ಮುಖವನ್ನು. ಆಯಿ ತನ್ನ ಬೆನ್ನು ಮಾತ್ರ ಬಂದಿದೆ ಎಂದು ಸಿಟ್ಟಾದಳು.

ಪಂಚಮಿ ಹಬ್ಬಕ್ಕೆ ಅಪ್ಪ ಜೇವರ್ಗಿಗೆ ಹೋಗಿ ಅಕ್ಕನನ್ನು ತವರಿಗೆ ಕರೆದುಕೊಂಡು ಬಂದ. ಹಬ್ಬ ಮುಗಿಯಿತು, ಜೋಕಾಲಿ ಬಿಚ್ಚಿದೆವು, ಅಳ್ಳಿನ ಡಬ್ಬಿ ಖಾಲಿಯಾಯಿತು. ಅವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಶ್ರಾವಣ ಕಳೆಯಲಿ ಅಂತಿರಬಹುದು ಎಂದು ಅವ್ವ ಅಂದಳು. ಶ್ರಾವಣವೂ ಕಳೆಯಿತು. ಕೊನೆಗೆ, ಜೇವರ್ಗಿ ಕಡೆಯ ಅಂದೋಲಾದ ಮಠಕ್ಕೆ ಹೋಗಿ ಬಂದ ದೂರದ ನೆಂಟರೊಬ್ಬರು ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಅಪ್ಪನ ಮುಖ ನೋಡದೆ ಹೇಳಿದರು:

"ನಿಮ್ಮ ಬೀಗರು ಒಂದ್ ಮಾತ್ ಹೇಳಿ ಕಳಸ್ಯಾರ್ರಿ. ಕ್ಯಾಸೆಟ್ ಇನ್ನೊಮ್ಮಿ ನೋಡ್ರಿ ಅಂದಾರ. ಬರೋಬ್ಬರಿ ನೋಡ್ರಿ ಅಂದಾರ."

ರೊಟ್ಟಿಯ ಸದ್ದು ನಿಂತದ್ದು ನನಗೆ ನೆನಪಿದೆ. ಇದನ್ನೂ ನಾನು ಆಮೇಲೆ ಸೇರಿಸಿದೆನೋ ಏನೋ. ಇಂಥ ಕಡೆ ಸದ್ದು ನಿಲ್ಲಬೇಕು ಅಂತ ಈಗ ನನಗೆ ಗೊತ್ತಿದೆಯಲ್ಲ.

ಮಾರನೆಯ ದಿನ ಅಪ್ಪ ಮತ್ತೆ ವಿ.ಸಿ.ಆರ್. ತಂದ. ಮಧ್ಯಾಹ್ನದ ಹೊತ್ತಿಗೆ ತಲೆಬಾಗಿಲ ಅಗಳಿ ಹಾಕಿದ. ನಮ್ಮ ಓಣಿಯಲ್ಲಿ ವಿ.ಸಿ.ಆರ್. ಬಂದರೆ ಬಾಗಿಲು ತೆರೆದೇ ಇರಬೇಕು. ಹಾಕಿದ ಬಾಗಿಲಿಗೆ ಒಂದೇ ಅರ್ಥ. ಪಕ್ಕದ ಮನೆಯ ಗುರುಬಾಯಿ ಹೊರಗಿನಿಂದ ಕೂಗಿದಳು:

"ಏನ್ ನೋಡಾಕತ್ತೀರಿ ಬೇ ಅಗಳಿ ಹಾಕ್ಕೊಂಡು? ನಮಗೂ ವಯಸ್ಸಾಗ್ಯಾದ, ನೋಡಿದ್ರ ಏನ್ ಕೆಡ್ತೀವಿ?"

ಯಾರೂ ನಗಲಿಲ್ಲ. ಕ್ಯಾಸೆಟ್ಟಿನ ನಡುಮಧ್ಯದಲ್ಲಿ ಅದು ಸಿಕ್ಕಿತು. ಪರದೆಯ ತುಂಬ ಅಕ್ಕನ ಮುಖ. ಅವಳು ಎಡಕ್ಕೆ ನೋಡಿ ನಗುತ್ತಾಳೆ. ಅವಳ ನಗುವಿನ ನಡುವೆಯೇ ಪರದೆಯಲ್ಲಿ ಎಲೆಯಡಿಕೆಯ ಎಲೆಯ ಆಕಾರದ ಒಂದು ತೂತು ತೆರೆಯುತ್ತದೆ, ಅದು ಹೃದಯವಂತೆ. ಅದರೊಳಗೆ ರುಮಾಲು ಸುತ್ತಿ ಹಾರ ಹಾಕಿಕೊಂಡ ಬಸು ಮಾಮಾ. ಅವನೂ ನಗುತ್ತಾನೆ. ತೂತು ಬೆಳೆದು ಬೆಳೆದು ಅಕ್ಕನನ್ನು ನುಂಗಿ, ಮಾಮಾನೊಬ್ಬನೇ ಉಳಿಯುತ್ತಾನೆ. ಮೇಲೆ ಒಂದು ಹಿಂದಿ ಪ್ರೇಮಗೀತೆ, ಹೆಣ್ಣುದನಿ. ನಂತರ ಎರಡೂ ಮುಖ ಅಕ್ಕಪಕ್ಕ, ಸುತ್ತ ಗುಲಾಬಿ. ನೋಡಿದವರಿಗೆ ಬೇರೆ ಅರ್ಥವೇ ಸಾಧ್ಯವಿರಲಿಲ್ಲ. ತನ್ನ ಮೇಲೆ ಮೊದಲ ಹಕ್ಕಿದ್ದ ಸೋದರಮಾವನನ್ನು ನೋಡಿ ಮದುಮಗಳು ಹಂದರದಲ್ಲೇ ನಗುತ್ತಿದ್ದಾಳೆ, ಅವನೂ ನಗುತ್ತಿದ್ದಾನೆ. ಜೇವರ್ಗಿಯಲ್ಲಿ ಇದನ್ನು ಬೀಗರು ತಮ್ಮ ನೆಂಟರಿಷ್ಟರ ನಡುವೆ ಕೂತು ನೋಡಿದ್ದರು.

ಅಪ್ಪ ಅವ್ವನ ಕಡೆ ನೋಡಿದ. ಅವಳ ತಮ್ಮನಲ್ಲವೆ. ಅವ್ವ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಕ್ಕ ಅಲ್ಲಿ ಹೊಸ್ತಿಲ ಮೇಲೆ ಮೊರ ಹಿಡಿದು ಹೆಸರುಕಾಳು ಹಸನು ಮಾಡುತ್ತ ಕೂತಿದ್ದಳು. ಟಿವಿಯ ಕಡೆ ಬೆನ್ನು. ಒಮ್ಮೆಯೂ ತಿರುಗಿ ನೋಡಿದ್ದಿಲ್ಲ. ಅಪ್ಪ ಕೇಳಿದ, ಊಟಕ್ಕೆ ಮುಂಚೆ ಒಂದು ರೀತಿ, ಊಟವಾದ ಮೇಲೆ ಇನ್ನೊಂದು ರೀತಿ. ಎರಡಕ್ಕೂ ಒಂದೇ ಉತ್ತರ ಬಂತು:

"ಮದುವಿ ದಿನ ಎಷ್ಟ್ ಸಲ ನಕ್ಕೇನೋ ಅಪ್ಪಾ. ನನಗ ನೆನಪಿಲ್ಲ."

ಬಸು ಮಾಮಾನಿಗೆ ಹೇಳಿ ಕಳಿಸಿದರು. ಅವನು ಬಂದು ಕಟ್ಟೆಯ ಮೇಲೆ ಕೂತ, ಒಳಗೆ ಬರಲಿಲ್ಲ, ನೀರೂ ಮುಟ್ಟಲಿಲ್ಲ. ನೀ ಯಾಕ ನಕ್ಕಿ ಎಂದು ಅವ್ವ ಬಾಗಿಲ ಮರೆಯಿಂದ ಕೇಳಿದಳು.

"ಅವ ಕ್ಯಾಮರಾದಾವ ನಗ್ರಿ ಮಾಮಾ ಅಂದ, ನಕ್ಕೆ. ಅಳ್ರಿ ಅಂದಿದ್ರ ಅಳ್ತಿದ್ದೆ. ಅಳಾಕ ತಯಾರ್ ಆಗೇ ಬಂದಿದ್ದೆ."

ಹೇಳಿ ಎದ್ದು ಹೋದ. ಆ ಕೊನೆಯ ಮಾತು ಹೇಳದಿದ್ದರೆ ಚೆನ್ನಾಗಿತ್ತು. ಅದನ್ನು ಅಪ್ಪ ವಾರವೆಲ್ಲ ಮೆಲುಕು ಹಾಕಿದ.

ನಾನು ಆಗ ಒಂಬತ್ತನೆಯ ಇಯತ್ತೆ. ವಿ.ಸಿ.ಆರ್.ನ ಗುಂಡಿಗಳು ಮನೆಯಲ್ಲಿ ಒತ್ತಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಹಿಂದೆ ಓಡಿಸು ಅಂದರೆ ಓಡಿಸುವುದು, ನಿಲ್ಲಿಸು ಅಂದರೆ ನಿಲ್ಲಿಸುವುದು. ನಿಲ್ಲಿಸಿದಾಗ ಅಕ್ಕನ ಮುಖದ ಮೇಲೆ ಬಿಳಿ ಗೆರೆಗಳು ನಡುಗುತ್ತಿದ್ದವು. ಒಂದೇ ಕಡೆ ಬಹಳ ಹೊತ್ತು ನಿಲ್ಲಿಸಬೇಡಿ, ರೀಲು ಸವೆಯುತ್ತದೆ ಎಂದು ಬಾಡಿಗೆ ಅಂಗಡಿಯವನು ಹೇಳಿದ್ದ. ಹಾಗಾಗಿ ನೋಡಲೂ ಭಯ, ನೋಡದಿರಲೂ ಭಯ. ಮೊದಲು ಕಂಡದ್ದು ಬೆಳಕು. ಯಾರಿಗೆ ಮೊದಲು ಕಂಡಿತು? ನನ್ನ ನೆನಪಿನಲ್ಲಿ ನನಗೇ. ಅವ್ವನ ನೆನಪಿನಲ್ಲಿ ಅವ್ವನಿಗೆ. ಸಾಯುವತನಕ ಅವಳು ತನ್ನದೇ ಹೇಳುತ್ತಿದ್ದಳು, ನಾನೂ ಬಿಟ್ಟುಕೊಡಲಿಲ್ಲ. ಏನೇ ಇರಲಿ, ಕಂಡದ್ದು ಇದು: ಮಾಮಾನ ಮುಖದ ಮೇಲೆ ಮಹಬೂಬನ ಹ್ಯಾಲೋಜನ್ ದೀಪ ಎದುರಿನಿಂದ ಹೊಡೆದಿತ್ತು. ಮುಖ ಸುಣ್ಣ ಬಳಿದ ಹಾಗೆ ಬಿಳಿ, ಹಿಂದಿನ ಬಟ್ಟೆಯ ಮೇಲೆ ರುಮಾಲಿನ ಕರಿ ನೆರಳು. ಅಕ್ಕನ ಮುಖದಲ್ಲಿ ಅದಿರಲಿಲ್ಲ. ಅವಳ ಹಣೆ, ಮೂಗಿನ ತುದಿ, ಕೆನ್ನೆಯ ಮೇಲ್ಭಾಗ ಬೆಳಗಿದ್ದವು. ಕಣ್ಣಿನ ಕೆಳಗೆ, ಗದ್ದದ ಕೆಳಗೆ ನೆರಳು. ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಗೊತ್ತು. ಅದು ಬೆಳಕಿಂಡಿಯ ಬೆಳಕು. ಅಂದರೆ ಅವಳು ಹಂದರದಲ್ಲಿ ಇರಲಿಲ್ಲ, ಪಡಸಾಲೆಯಲ್ಲಿದ್ದಳು.

ಅಪ್ಪ ಮಹಬೂಬನನ್ನು ಅಫಜಲಪುರದಿಂದ ಕರೆಸಿದ. ಅವನು ಬಾಯಲ್ಲಿ ಪಾನ್ ಇಟ್ಟುಕೊಂಡು ನೋಡಿದ, ಎದ್ದು ಹೊರಗೆ ಹೋಗಿ ಉಗುಳಿ ಬಂದ, ಮತ್ತೆ ನೋಡಿದ.

"ತೌಬಾ. ಸಾವಕಾರ್ರ, ಸೋಲಾಪುರದಾವ ಹುಡುಗಿ ಸೋದರಮಾವಗ ಮದುಮಗ ಅಂತ ತಿಳ್ಕೊಂಡಾನ್ರಿ. ಖರೇ ಮದುಮಗನ ಮಾರಿ ಮ್ಯಾಲ ಬಾಸಿಂಗ ಇತ್ತು, ಅವನಿಗೇನ್ ಕಾಣಬೇಕು? ರುಮಾಲ ಅದ, ಹಾರ ಅದ, ಹಲ್ಲ್ ಕಿಸದಾನ. ಇವನಾ ದೂಲ್ಹಾ ಅಂತ ದಿಲ್‌ದಾಗ ಹಾಕ್ಯಾನ."

ನಾವು ಉಸಿರು ಬಿಟ್ಟೆವು. ಆಯಿ ಬಿಡಲಿಲ್ಲ. ಅಫಜಲಪುರದವನಿಗೆ ಮುಂದಿನ ಮದುವೆಗಳ ಚಿಂತೆ, ಅವನು ಹೇಳಿದ್ದನ್ನು ಬೀಗರು ಯಾಕೆ ನಂಬಬೇಕು ಎಂದಳು. ಅವಳು ಬೀಗರ ಪರವಾಗಿ ನಮ್ಮ ಪಡಸಾಲೆಯಲ್ಲೇ ವಾದ ಮಾಡಿದಳು. ಹುಡುಗಿ ಪಡಸಾಲೆಯಲ್ಲಿದ್ದರೆ ಏನಾಯಿತು, ಮಾವನೂ ಆಗ ಪಡಸಾಲೆಗೆ ಬಂದಿರಬಹುದಲ್ಲ? ನಾನು ಮತ್ತೆ ಹಿಂದೆ ಓಡಿಸಿದೆ. ಅಕ್ಕ ನೋಡುತ್ತಿದ್ದದ್ದು ಎಡಕ್ಕೆ, ಕೆಳಕ್ಕೆ. ಮಾಮಾನನ್ನು ನೋಡಬೇಕೆಂದರೆ ಕೂತವಳು ತಲೆ ಎತ್ತಬೇಕು. ಮಾಮಾನೂ ಕೂತಿದ್ದರೆ? ಎಂದಳು ಆಯಿ. ನನಗೆ ಸಿಟ್ಟು ಬಂತು, ಅಳುವೂ ಬಂತು. ಅಕ್ಕ ಹೊಸ್ತಿಲ ಮೇಲೆ ಕಾಳು ಕೇರುತ್ತಲೇ ಇದ್ದಳು. ಇಷ್ಟೆಲ್ಲ ನಡೆದದ್ದು ಅವಳಿಗಾಗಿ, ಅವಳೊಬ್ಬಳೇ ಅದರಲ್ಲಿ ಇರಲಿಲ್ಲ.

ಸದ್ದು ಸಿಕ್ಕಿದ್ದು ಆಮೇಲೆ. ಸೋಲಾಪುರದವನು ಕ್ಯಾಸೆಟ್ಟಿನ ಮೊದಲಿಂದ ಕೊನೆಯವರೆಗೆ ಹಾಡಿನ ಮೇಲೆ ಹಾಡು ಹೊದಿಸಿದ್ದ. ಐನೋರ ಮಂತ್ರ, ಹೆಂಗಸರ ಸೋಬಾನೆ, ಜಗಳ, ನಗು ಎಲ್ಲ ಅದರ ಕೆಳಗೆ ಮುಚ್ಚಿಹೋಗಿದ್ದವು. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವನು ಸ್ವಲ್ಪ ತಡಮಾಡಿದ್ದ. ಆ ಸಂದು ಬಿದ್ದದ್ದು ಸರಿಯಾಗಿ ಅಕ್ಕ ತುಟಿ ಬಿಗಿಹಿಡಿಯುವಲ್ಲಿ. ಎರಡು ಉಸಿರಿನಷ್ಟು ಹೊತ್ತು ಆ ಬೆಳಗಿನ ನಿಜವಾದ ಸದ್ದು ಹೊರಗೆ ಬರುತ್ತಿತ್ತು. ನಾನು ಟಿವಿಯ ದನಿ ಪೂರ್ತಿ ಏರಿಸಿದೆ. ಸುಂಯ್ ಎನ್ನುವ ಶಬ್ದ, ಅದರ ಹಿಂದೆ ಟಪ್ ಟಪ್, ಒಂದು ಸಣ್ಣ ಬಿಡುವು, ಟಪ್ ಟಪ್. ಅವ್ವ ಕೂತಲ್ಲಿಂದ ಎದ್ದಳು.

"ಇದು ನನ್ನ ಕೈ," ಎಂದಳು. "ರೊಟ್ಟಿ ತಿರುವೋ ಕೈ ನನ್ದು."

ನಾವು ಮತ್ತೆ ಕೇಳಿದೆವು. ರೊಟ್ಟಿ ಇತ್ತು. ಬಾಜಾ ಇರಲಿಲ್ಲ. ತೀರಾ ಹತ್ತಿರದ ಬಳೆಯ ಸದ್ದು ಕೇಳಿಸುತ್ತಿದ್ದ ಕಡೆ, ಓಣಿಯೇ ನಡುಗುವ ಹಾಗೆ ಬಾರಿಸಿದ ಬಾಜಾ ಕೇಳಿಸುತ್ತಿರಲಿಲ್ಲ. ಅದು ಶುರುವಾದದ್ದೇ ಸೋದರಮಾವನನ್ನು ಎದುರುಗೊಳ್ಳಲು. ಅವನು ಬಂದ ಮೇಲೆ ಅವ್ವ ಒಲೆಯ ಮುಂದೆ ಕೂತದ್ದಿಲ್ಲ. ತವರಿನ ಆಹೇರಿಯ ಸೀರೆ ಉಟ್ಟು ಹಂದರದಲ್ಲಿದ್ದಳು. ಹಾಗಾದರೆ ಅಕ್ಕ ನಕ್ಕಾಗ ಬಸು ಮಾಮಾ ಇನ್ನೂ ಸರಸಂಬಾದ ದಾರಿಯಲ್ಲೇ ಇದ್ದ. ಆಯಿ ಬೇಷ್ ಎಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಅವ್ವನ ಮುಖದಲ್ಲಿ ಮಾತ್ರ ಸಂತೋಷ ನಿಲ್ಲಲಿಲ್ಲ. ಅವಳು ಪರದೆಯನ್ನು, ಆಮೇಲೆ ಪಡಸಾಲೆಯನ್ನು, ಅಕ್ಕ ಆ ದಿನ ಕೂತಿದ್ದ ಜಾಗದ ಎಡಗಡೆಯನ್ನು ನೋಡಿದಳು. ಅಲ್ಲಿ ಈಗ ಜೋಳದ ಚೀಲಗಳಿದ್ದವು.

"ಹಂಗಾರ ಇಲ್ಲಿ ಯಾರಿದ್ರು?"

ಅಪ್ಪ ಮಹಬೂಬನನ್ನು ನೋಡಿದ. ಮಹಬೂಬ ಒಂದು ಕಣ್ಣು ಮುಚ್ಚಿ ತೋರಿಸಿದ. "ನಾ ಹಿಂಗ್ ನೋಡ್ತೇನ್ರಿ. ಈ ಕಣ್ಣಿಗೆ ಬಿದ್ದದ್ದಷ್ಟಾ ನನಗ ಗೊತ್ತು. ಬಾಜೂಕ ಯಾರಿದ್ರೋ, ಅಲ್ಲಾಗ ಗೊತ್ತು." ಅಪ್ಪ ಎದ್ದು ಟಿವಿ ಆರಿಸಿದ. ನಮಗೆ ಬೇಕಾದದ್ದು ಸಿಕ್ಕಿತು, ಬೇಡವಾದದ್ದನ್ನು ಹುಡುಕುವುದು ಬೇಡ ಎಂದ. ಜೀವನವೆಲ್ಲ ಕೇಳುತ್ತಲೇ ಇದ್ದ ಮನುಷ್ಯ ಒಂದು ಪ್ರಶ್ನೆಯನ್ನು ಕೇಳದೇ ಬಿಟ್ಟಿದ್ದನ್ನು ನಾನು ಆವತ್ತು ನೋಡಿದೆ.

ಜೇವರ್ಗಿಗೆ ಅಪ್ಪ, ಮಹಬೂಬ, ನಾನು ಹೋಗುವುದೆಂದಾಯಿತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದದ್ದು ನನಗಲ್ಲವೆ. ಹೊರಡುವ ಬೆಳಿಗ್ಗೆ ಅಕ್ಕ ನನ್ನ ತಲೆ ಬಾಚಿದಳು. ಇಲ್ಲಿ ನನ್ನ ಹತ್ತಿರ ಎರಡು ಪ್ರತಿಗಳಿವೆ. ಒಂದರಲ್ಲಿ ಅವಳು ಏನೂ ಮಾತಾಡುವುದಿಲ್ಲ, ರಿಬ್ಬನ್ ಬಿಗಿಯಾಗಿ ಕಟ್ಟುತ್ತಾಳೆ, ನನಗೆ ನೋಯುತ್ತದೆ. ಇನ್ನೊಂದರಲ್ಲಿ ಮಾತಿದೆ:

"ಅಲ್ಲಿ ಕೇಳ್ತಾರ, ಹಂಗಾರ ಯಾರನ್ನ ನೋಡಿ ನಕ್ಕಾಳ ಅಂತ."

"ಏನ್ ಹೇಳಲಿ?"

"ನೀ ಅಲ್ಲೇ ಕುಂತಿದ್ದಿ."

ಅದು ನೆನಪಿಸಿದ್ದೋ, ಹೇಳಿಕೊಟ್ಟದ್ದೋ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಅವಳು ಬೆನ್ನ ಹಿಂದಿದ್ದಳು. ಆ ಮಾತಿನ ಶಬ್ದಗಳು ಉಳಿದಿವೆ, ದನಿ ಉಳಿದಿಲ್ಲ. ಇನ್ನೊಂದನ್ನೂ ಹೇಳಬೇಕು. ಜೇವರ್ಗಿಗೆ ಮರಳುವ ಮನಸ್ಸು ಅವಳಿಗೆ ಇತ್ತೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಅಷ್ಟೊಂದು ಪ್ರಶ್ನೆ ಕೇಳಿದ ಮನೆಯಲ್ಲಿ.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ, ಭೀಮಾ ಹೊಳೆಯ ಸೇತುವೆ ದಾಟಿ ಹೋದೆವು. ಕ್ಯಾಸೆಟ್ಟನ್ನು ಅ‌ಪ್ಪ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬೀಗರ ಮನೆಯಲ್ಲಿ ಪಡಸಾಲೆಗೆ ದೊಡ್ಡ ದೊಡ್ಡ ಕಿಟಕಿಗಳು. ಬೆಳಕು ಎಲ್ಲ ಕಡೆಯಿಂದ ಬಂದು ಪರದೆಯ ಮೇಲೆ ಏನೂ ಕಾಣದಂತಿತ್ತು. ಕಿಟಕಿ ಮುಚ್ಚಿಸಿದೆ. ಅಕ್ಕನ ಮಾವ ಕುರ್ಚಿಯಲ್ಲಿ, ಅತ್ತೆ ನೆಲದ ಮೇಲೆ, ಶರಣಪ್ಪ ಭಾವ ಕಂಬಕ್ಕೆ ಒರಗಿ ನಿಂತು. ನಾನು ನಿಲ್ಲಿಸಿ ನಿಲ್ಲಿಸಿ ಹೇಳಿದೆ: ಇಲ್ಲಿ ನೋಡ್ರಿ, ನೆರಳು ಗದ್ದದ ಕೆಳಗದ. ಇಲ್ಲಿ ನೋಡ್ರಿ, ನೆರಳು ಹಿಂದಿನ ಬಟ್ಟಿ ಮ್ಯಾಲದ. ಈಗ ಕೇಳ್ರಿ. ರೊಟ್ಟಿ ಅದ, ಬಾಜಾ ಇಲ್ರಿ. ಅದರಲ್ಲಿ ನನಗೆ ಮಜವೂ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಸುಳ್ಳಿನ ಹೊಲಿಗೆ ಬಿಚ್ಚುವ ಮಜಾ, ಅದರದೇ ಅನ್ನ ಈಗಲೂ ತಿನ್ನುತ್ತಿದ್ದೇನೆ.

ಬಾಜಾ ಇಲ್ಲದೆ ಸೋದರಮಾವ ಮನೆ ಹೊಕ್ಕಿರಲಾರ ಎಂಬುದನ್ನು ಬೀಗರು ತಕ್ಷಣ ಒಪ್ಪಿದರು. ಅವರ ಮನೆಯಲ್ಲೂ ಅದೇ ಪದ್ಧತಿ. ಸೋಲಾಪುರದವನು ಮಾಮಾನನ್ನೇ ಮದುಮಗ ಮಾಡಿದ ಕತೆಯನ್ನು ಮಹಬೂಬ ಹೇಳಿದಾಗ ಹಿರಿಯರು ನಕ್ಕೇಬಿಟ್ಟರು. ಮಗನ ಕಡೆ ತಿರುಗಿ, ನಿನ್ನ ಮದುವಿ ನಿನಗಾ ಆಗಲಿಲ್ಲಲೇ ಎಂದರು. ಶರಣಪ್ಪ ಭಾವ ನಗಲಿಲ್ಲ. ಅವನು ಪರದೆಯ ಮೇಲೆ ನಿಂತಿದ್ದ ಅಕ್ಕನ ಮುಖವನ್ನೇ ನೋಡುತ್ತಿದ್ದ, ಬಿಳಿ ಗೆರೆಗಳ ನಡುವೆ. ಅವಳು ತನ್ನ ಎದುರು ಹಾಗೆ ಎಂದಾದರೂ ನಕ್ಕಿದ್ದಳೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದನೇನೋ. ಇದು ನನ್ನ ಊಹೆ. ಆಗ ಅತ್ತೆ ಮೊದಲ ಬಾರಿ ಬಾಯಿ ತೆರೆದಳು.

"ಎಲ್ಲಾ ಖರೇ ಅದ ತಂಗಿ. ಹಂಗಾರ ಯಾರನ್ನ ನೋಡಿ ನಕ್ಕಾಳ?"

"ನನ್ನ ನೋಡಿ," ಎಂದೆ. "ನಾ ಅಲ್ಲೇ ಕೆಳಗ ಕುಂತಿದ್ದೆ. ಆಯಿ ಹಂಗ ಬಾಯಿ ಸೊಟ್ಟ ಮಾಡಿ ತೋರ್ಸಿದ್ದೆ."

ಎಷ್ಟು ಸಲೀಸಾಗಿ ಬಂತು ಅದು. ಆಯಿಯ ಬಾಯಿ ಹೇಗೆ ಸೊಟ್ಟಗಾಗುತ್ತದೆಂದು ಮಾಡಿಯೂ ತೋರಿಸಿದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿ, ಒಳಗೆ ಹೋಗಿ, ಶೇಂಗಾ ಹೋಳಿಗೆ ತಂದು ಕೊಟ್ಟಳು. ಅಪ್ಪ ನನ್ನ ಮುಖ ನೋಡಲಿಲ್ಲ. ದಾರಿಯಲ್ಲೂ ಕೇಳಲಿಲ್ಲ. ಕೆಲವು ದಿನಗಳ ಮೇಲೆ ಶರಣಪ್ಪ ಭಾವ ತಾನೇ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ಅವಳು ಅವ್ವನ ಕೈ ಹಿಡಿದಳು, ನನ್ನ ಕೆನ್ನೆ ಚಿವುಟಿದಳು. ಜೋರಾಗಿ ಚಿವುಟಿದಳು.

ಅಲ್ಲಿಂದೀಚೆಗೆ ಅಕ್ಕ ಯಾವ ಫೋಟೋದಲ್ಲೂ ನಕ್ಕಿಲ್ಲ ಎಂದು ಈ ಅಧ್ಯಾಯದ ಮೊದಲ ಕರಡಿನಲ್ಲಿ ಬರೆದಿದ್ದೆ. ಚೆನ್ನಾಗಿ ಕೂತಿತ್ತು ಆ ವಾಕ್ಯ. ಆಮೇಲೆ ಅವಳ ಮಗನ ಜವಳದ ಫೋಟೋ ಸಿಕ್ಕಿತು, ಅದರಲ್ಲಿ ಬಾಯ್ತುಂಬ ನಕ್ಕಿದ್ದಾಳೆ. ವಾಕ್ಯ ತೆಗೆದೆ. ಅವಳು ಜೇವರ್ಗಿಯಲ್ಲೇ ಇದ್ದಾಳೆ, ಸೊಸೆ ಬಂದಿದ್ದಾಳೆ, ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಬಸು ಮಾಮಾ ಮದುವೆಯಾದ, ಆದರೆ ಅವನ ಮದುವೆಗೆ ಅಪ್ಪ ಹೋಗಲಿಲ್ಲ. ಮಾಮಾ ನಿರಪರಾಧಿ ಎಂದು ನಾವು ತೋರಿಸಿದ ಮೇಲೂ ಅವನು ನಮ್ಮ ಮನೆಯ ನೀರು ಮುಟ್ಟಲಿಲ್ಲ.

ಎಷ್ಟೋ ವರ್ಷದ ಮೇಲೆ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಿದೆ. ಮಾಡಿಕೊಟ್ಟ ಹುಡುಗ, ಮೇಡಂ, ಎಲ್ಲ ಚೆನ್ನಾಗಿದೆ, ನಡುವೆ ಒಂದು ಕಡೆ ಮಾತ್ರ ರೀಲು ತೀರಾ ಸವೆದಿದೆ ಅಂದ. ಎಲ್ಲಿ ಎಂದು ನಾನು ಕೇಳಬೇಕಾಗಿರಲಿಲ್ಲ. ಅಲ್ಲೀಗ ಅಕ್ಕನ ಮುಖದ ಮೇಲೆ ಅಗಲವಾದ ಬಿಳಿ ಪಟ್ಟಿ ಹಾಯುತ್ತದೆ. ಸದ್ದಿನ ಜಾಗದಲ್ಲಿ ಸುಂಯ್ ಒಂದೇ. ರೊಟ್ಟಿಯ ಸದ್ದು ಅದರೊಳಗಿದೆ ಎಂದು ಗೊತ್ತಿದ್ದರೆ ಕೇಳುತ್ತದೆ, ಗೊತ್ತಿಲ್ಲದವರಿಗೆ ಕೇಳುವುದಿಲ್ಲ. ನಾನು ನನ್ನ ನೆನಪನ್ನೂ ತರಗತಿಯ ಹುಡುಗರಿಗೆ ಕೇಳುವ ಅದೇ ಪ್ರಶ್ನೆಗಳಿಂದ ಪರೀಕ್ಷಿಸಿದೆ. ಕ್ಯಾಮೆರಾ ಎಲ್ಲಿತ್ತು? ನಾನು ಕೆಳಗೆ ಕೂತಿದ್ದರೆ ನನಗೆ ಅಕ್ಕನ ಗದ್ದ ಕೆಳಗಿನಿಂದ ಕಾಣಬೇಕು. ನನ್ನ ನೆನಪಿನಲ್ಲಿ ಕಾಣುವುದು ಅವಳ ಬೈತಲೆ, ಮೇಲಿನಿಂದ. ನಿಂತಿದ್ದ ಮಹಬೂಬನ ಭುಜದ ಎತ್ತರದಿಂದ. ಅಲ್ಲಿಗೆ ಆ ನೆನಪು ನನ್ನದಲ್ಲ, ಕ್ಯಾಸೆಟ್ಟಿನದು. ಆದರೆ ನೆನಪು ಕ್ಯಾಸೆಟ್ಟಿನದು ಎಂದಮಾತ್ರಕ್ಕೆ ನಾನು ಅಲ್ಲಿರಲಿಲ್ಲ ಎಂದೂ ಆಗುವುದಿಲ್ಲ.

ಕಳೆದ ಸಲ ಜೇವರ್ಗಿಗೆ ಹೋದಾಗ ಅಕ್ಕನನ್ನು ನೇರವಾಗಿ ಕೇಳಿದೆ. ಅವ್ವ ಇಲ್ಲ, ಅಪ್ಪ ಇಲ್ಲ, ಅತ್ತೆಯೂ ಇಲ್ಲ. ಇನ್ನು ಹೇಳಲು ಏನು ಅಡ್ಡಿ ಅಂದೆ. ಅವಳು ಮೊರದಿಂದ ತಲೆ ಎತ್ತಿದಳು.

"ನಿನ್ನ ನೋಡಿ ನಕ್ಕೆ ಅಂತ ನೀನಾ ಹೇಳಿದ್ಯಲ್ಲ ಬೇ," ಎಂದಳು.

ಆಮೇಲೆ ಕಾಳಿನಲ್ಲಿ ಒಂದು ಹರಳು ಹುಡುಕಿ ತೆಗೆದು ಹೊರಗೆ ಎಸೆದಳು, ಊಟಕ್ಕೆ ಏಳು ಎಂದಳು. ಆ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ, ಅವಳ ಎಡಗಡೆ, ಕೆಳಗೆ ಯಾರಿದ್ದರು ಎಂದು ನನಗೆ ಗೊತ್ತಿಲ್ಲ. ನಾನಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಆಗ ಅವಳಿಗೆ ಜೇವರ್ಗಿಗೆ ಮರಳಿ ಹೋಗಬೇಕಿತ್ತೇ ಎಂಬುದೂ ಗೊತ್ತಿಲ್ಲ.